ಕೊನೆಯ ಗದ್ದೆಗೆ ನೀರು ತಲುಪದಿದ್ದರೆ...

ಬೆಳಗಿನ ಕಾಫಿ ಕುಡಿಯುತ್ತಿದ್ದ ಅಜ್ಜನ ಕೈಯಿಂದ ಲೋಟ ಜಾರುತ್ತದೆ. ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ‘ನಿನ್ನೆಯವರೆಗೂ ಚೆನ್ನಾಗಿದ್ದರಲ್ಲ!’ ಎಂದು ಮನೆಯವರು ಕಂಗಾಲಾಗುತ್ತಾರೆ. ಆದರೆ ಪಾರ್ಶ್ವವಾಯು ಬಡಿದ ಅನೇಕರ ಎಂ.ಆರ್.ಐ. ಚಿತ್ರದಲ್ಲಿ ಹೊಸ ಪೆಟ್ಟಿನ ಜೊತೆಗೆ ಮೆದುಳಿನ ಆಳದಲ್ಲಿ ಬಿಳಿಯ ಮಚ್ಚೆಗಳೂ ಕಾಣುತ್ತವೆ. ಅವು ನಿನ್ನೆ ಮೊನ್ನೆಯವಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದವು.

ಮೆದುಳಿನ ಹೊರಪದರ ಬೂದು ಬಣ್ಣದ್ದು. ಅಲ್ಲಿ ನರಕೋಶಗಳ ಸಂದಣಿ. ಒಳಗಿರುವುದು ಬಿಳಿ ದ್ರವ್ಯ, ಅಂದರೆ ನರತಂತುಗಳ ಕಟ್ಟು. ಮೊದಲನೆಯದು ದೂರವಾಣಿ ಕೇಂದ್ರವಾದರೆ ಎರಡನೆಯದು ತಂತಿಗಳ ಜಾಲ. ತಂತಿ ಕೆಟ್ಟರೆ ನಡಿಗೆ ನಿಧಾನವಾಗುತ್ತದೆ, ಯೋಚನೆ ಮಂದವಾಗುತ್ತದೆ. ‘ವಯಸ್ಸಾಯಿತು’ ಎಂದು ನಾವು ಸುಮ್ಮನಾಗುತ್ತೇವೆ.

ತಂತಿ ಕೆಡುವುದೇಕೆ? ಮೆದುಳಿನ ಬುಡದಲ್ಲಿ ದೊಡ್ಡ ರಕ್ತನಾಳಗಳು ಉಂಗುರದಂತೆ ಕೂಡಿಕೊಂಡಿವೆ. 1664ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್‌ನ ಹೆಸರೇ ಇದಕ್ಕಿದೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಿಂದ ರಕ್ತ ಒದಗಿಸಲು ಈ ಉಂಗುರ ನೆರವಾಗುತ್ತದೆ. ಬಿಳಿ ದ್ರವ್ಯದ ಆಳಕ್ಕೆ ಇಳಿಯುವ ಸಣ್ಣ ನಾಳಗಳಿಗೆ ಈ ಅನುಕೂಲ ಬಹಳ ಕಡಿಮೆ. ನಾಲೆಯ ಕೊನೆಯ ಗದ್ದೆಯ ಪಾಡೇ ಅವುಗಳದ್ದು.

ಇಲ್ಲಿ ಭೌತಶಾಸ್ತ್ರದ ಪಾಠವೊಂದು ನೆನಪಾಗಬೇಕು. ಕಿರುನಳಿಕೆಗಳಲ್ಲಿ ದ್ರವದ ಹರಿವನ್ನು ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಅಳೆದು ತೋರಿಸಿದ. ಒತ್ತಡ ಅಷ್ಟೇ ಇದ್ದು ನಳಿಕೆಯ ಉದ್ದ ಇಮ್ಮಡಿಯಾದರೆ ಹರಿವು ಅರ್ಧಕ್ಕಿಳಿಯುತ್ತದೆ. ತ್ರಿಜ್ಯ ಅರ್ಧವಾದರೆ? ಹದಿನಾರರಲ್ಲಿ ಒಂದು ಪಾಲಿಗೆ! ರಕ್ತ ನೀರಿನಷ್ಟು ಸರಳ ದ್ರವವಲ್ಲ, ನಿಜ. ಆದರೂ ತತ್ವ ಹೆಚ್ಚು ಕಡಿಮೆ ಅದೇ. ವಯಸ್ಸು ಮತ್ತು ಅಧಿಕ ರಕ್ತದೊತ್ತಡದಿಂದ ಸಣ್ಣ ನಾಳದ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ನೇರವಾಗಿದ್ದ ನಾಳ ಅಂಕುಡೊಂಕಾಗಿ ದಾರಿ ಉದ್ದವಾಗುತ್ತದೆ. ಕೊನೆಯ ಗದ್ದೆ ಒಣಗುತ್ತದೆ.

ಸಮಾಧಾನದ ಸಂಗತಿಯೂ ಇದೆ. 2019ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಪ್ರಿಂಟ್’ ಅಧ್ಯಯನದಲ್ಲಿ, ಮೇಲಿನ ರಕ್ತದೊತ್ತಡವನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಚಿಕಿತ್ಸೆ ಪಡೆದವರಲ್ಲಿ ಈ ಮಚ್ಚೆಗಳ ಬೆಳವಣಿಗೆ ಕಡಿಮೆಯಿತ್ತು. ಯಾರಿಗೆ ಎಷ್ಟಿರಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ‘ತಲೆನೋವಿಲ್ಲ, ಮಾತ್ರೆ ಏಕೆ?’ ಎಂದು ನಡುವೆ ನಿಲ್ಲಿಸುವುದು ಮಾತ್ರ ಅಪಾಯ. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ನೋವನ್ನೇ ಕೊಡುವುದಿಲ್ಲ.

ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಅದಕ್ಕೂ ಮೊದಲು, ಮಕ್ಕಳೇ, ಒಂದು ಕೆಲಸ ಮಾಡಿ. ನಿಮ್ಮ ಮನೆಯ ಹಿರಿಯರು ಬಿ.ಪಿ. ನೋಡಿಸಿಕೊಂಡದ್ದು ಯಾವಾಗ ಎಂದು ಇಂದೇ ಕೇಳಿ.