ಫ್ರಾನ್ಸಿನ ಹಳ್ಳಿಯಲ್ಲಿ ಎರಡನೆಯ ಮನೆ

ನಮ್ಮ ವಾಚಕರಲ್ಲಿ ಬಹುಮಂದಿಗೆ ಮೊದಲನೆಯ ಮನೆಯೇ ದುರ್ಲಭ. ಮುಂಬಯಿಯ ಒಂದೇ ಖೋಲಿಯಲ್ಲಿ ಐದಾರು ಮಂದಿ ಪಾಳಿಯ ಮೇಲೆ ಮಲಗೆದ್ದು, ಸಂಬಳದಲ್ಲಿ ಉಳಿದುದನ್ನು ಊರಿಗೆ ಕಳುಹಿಸುವವರ ಮುಂದೆ ಎರಡನೆಯ ಮನೆಯ ಮಾತೆತ್ತುವುದು ಕುಚೋದ್ಯವೆನಿಸೀತು. ಆದರೆ ಫ್ರಾನ್ಸಿನಲ್ಲಿ ಇದು ಸಿರಿವಂತರ ಷೋಕಿ ಮಾತ್ರವಲ್ಲ. ಅಲ್ಲಿನ ವಾಸದ ಮನೆಗಳಲ್ಲಿ ನೂರಕ್ಕೆ ಸುಮಾರು 10 ಎರಡನೆಯ ಮನೆಗಳು; ಒಟ್ಟು 35 ಲಕ್ಷಕ್ಕೂ ಮಿಕ್ಕು. ಒಡೆಯರಲ್ಲಿ ಹೆಚ್ಚಿನವರು ಫ್ರೆಂಚರೇ. ಅಜ್ಜನ ಮನೆಯನ್ನು ಮಾರಲು ಮನಸ್ಸೊಪ್ಪದೆ ಉಳಿಸಿಕೊಂಡ ಗುಮಾಸ್ತರೂ ಉಪಾಧ್ಯಾಯರೂ ಅವರಲ್ಲಿದ್ದಾರೆ.

ಎರಡನೆಯ ಮಹಾಯುದ್ಧದ ತರುವಾಯ ಹಳ್ಳಿಯ ಯುವಕರು ಹೊಲಗಳನ್ನು ತೊರೆದು ಪ್ಯಾರಿಸ್, ಲಿಯೋಂ ಮೊದಲಾದ ನಗರಗಳ ಕಾರ್ಖಾನೆ ಕಚೇರಿಗಳಿಗೆ ಹೊರಟುಹೋದರು. ಹಿಂದುಳಿದ ವೃದ್ಧರು ಕಾಲವಾದಂತೆ ಕಲ್ಲುಮನೆಗಳ ಕಿಟಕಿಯ ಮರದ ಕದಗಳು ಒಂದೊಂದಾಗಿ ಮುಚ್ಚಿಕೊಂಡವು. ಇಂದು ಕೊಳ್ಳುವವರು ಅರಸಿಕೊಂಡು ಹೋಗುವುದು ಈ ಮುಚ್ಚಿದ ಕದಗಳನ್ನೇ.

ಅರಸುವವರು ಸಾಮಾನ್ಯವಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ ಬರುತ್ತಾರೆ. ಆಗ ಬಿಸಿಲು ಹಿತವಾಗಿರುತ್ತದೆ, ಸಂತೆ ತುಂಬಿರುತ್ತದೆ, ಊರೆಲ್ಲ ಹಬ್ಬದಂತಿರುತ್ತದೆ. ಹೋಟೆಲು ನಡೆಸಿದ ನಾವು ಬಲ್ಲೆವು: ಹೋಟೆಲೊಂದನ್ನು ಕೊಳ್ಳುವವನು ಮಧ್ಯಾಹ್ನದ ಊಟದ ನೂಕುನುಗ್ಗಲನ್ನು ಕಂಡು ಬೆಲೆ ಕಟ್ಟಲಾಗದು, ಮಳೆಗಾಲದಲ್ಲೊಂದು ದಿನ ಮೂರು ಗಂಟೆಯ ಹೊತ್ತಿಗೆ ಗಲ್ಲೆಯ ಬಳಿ ಕುಳಿತು ನೋಡಬೇಕು. ಅಂತೆಯೇ ಫ್ರೆಂಚ್ ಹಳ್ಳಿಯನ್ನು ಜನವರಿಯ ಸಂಜೆ ನೋಡಬೇಕು. ಎಷ್ಟು ಕಿಟಕಿಗಳಲ್ಲಿ ದೀಪವಿದೆ? ರೊಟ್ಟಿಯಂಗಡಿ ತೆರೆದಿದೆಯೇ? ವೈದ್ಯನಿರುವುದು ಎಷ್ಟು ದೂರದಲ್ಲಿ? ಗೋಡೆಯ ತೇವವೂ ಮಾಡಿನ ಸೋರಿಕೆಯೂ ಆಗಲೇ ಕಣ್ಣಿಗೆ ಬೀಳುವುದು.

ನೆಲದಡಿಯ ಸಂಗತಿಯೊಂದನ್ನು ಹೊಸಬರು ಮರೆಯುವುದುಂಟು. ಅನೇಕ ಹಳ್ಳಿಮನೆಗಳಿಗೆ ಊರಿನ ಒಳಚರಂಡಿಯ ಸಂಪರ್ಕವಿಲ್ಲ, ಮಲದ ಗುಂಡಿಯೇ ಗತಿ. ಅದು ನಿಯಮಕ್ಕೆ ಸರಿಹೊಂದದಿದ್ದರೆ ಕೊಂಡವನು ಒಂದು ವರ್ಷದೊಳಗೆ ತನ್ನ ಖರ್ಚಿನಿಂದ ಸರಿಪಡಿಸತಕ್ಕದ್ದು. ಪರೀಕ್ಷಾ ವರದಿಗಳನ್ನು ಒದಗಿಸುವ ಹೊಣೆ ಮಾತ್ರ ಮಾರುವವನದು. 1949ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿನ ಸೀಸದ ಪರೀಕ್ಷೆಯೂ ಬೇಕು.

ಮಾರಾಟವನ್ನು ನಡೆಸಿಕೊಡುವಾತ ನೋಟೇರ್ ಎಂಬ ಅಧಿಕಾರಿ. ಈತ ವಕೀಲನಂತೆ ಒಂದು ಪಕ್ಷದವನಲ್ಲ. ಸರಕಾರದ ಪರವಾಗಿ ಪತ್ರ ಬರೆದು ತೆರಿಗೆ ವಸೂಲು ಮಾಡುವವನು. ಹಳೆಯ ಮನೆಗೆ ಈ ಬಾಬತಿನ ಖರ್ಚು ಬೆಲೆಯ ಮೇಲೆ ನೂರಕ್ಕೆ 7-8ರಷ್ಟು. ಮೊದಲು ಕರಾರಾಗುತ್ತದೆ, ನೂರಕ್ಕೆ 5ರಿಂದ 10ರಷ್ಟು ಮುಂಗಡ ಸಲ್ಲುತ್ತದೆ. ಆ ಬಳಿಕ ಕೊಳ್ಳುವವನಿಗೆ ಹತ್ತು ದಿನಗಳ ಅವಕಾಶವುಂಟು; ಅಷ್ಟರಲ್ಲಿ ಆತ ಕಾರಣ ಹೇಳದೆಯೇ ಹಿಂದೆಗೆಯಬಹುದು. ಮಾರುವವನಿಗೆ ಈ ಸೌಲಭ್ಯವಿಲ್ಲ. ಕೊನೆಯ ಕ್ರಯಪತ್ರಕ್ಕೆ ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ.

ಮೂರು ತಿಂಗಳಿಗೆ ಮುಗಿದರೆ ಭಾಗ್ಯವೆನ್ನಬೇಕು. ನೆಪೋಲಿಯನ್ನನ 1804ರ ಸಂಹಿತೆಯಿಂದೀಚೆಗೆ ಅಲ್ಲಿ ತಂದೆತಾಯಿಗಳು ಮಕ್ಕಳ ಹಕ್ಕನ್ನು ಪೂರ್ಣವಾಗಿ ತಪ್ಪಿಸುವಂತಿಲ್ಲ. ಎರಡು ತಲೆಮಾರು ಕಳೆದರೆ ಒಂದು ಮನೆಗೆ ಹತ್ತು ವಾರಸುದಾರರು. ಒಬ್ಬ ಸಹಿ ಹಾಕಲೊಪ್ಪದಿದ್ದರೂ ಮಾರಾಟ ತಡೆದು ಕೋರ್ಟಿನ ಮೆಟ್ಟಿಲೇರಬೇಕಾದೀತು. ಈ ನಡುವೆ ಮಾಡು ಕುಸಿಯುತ್ತದೆ. ಉಡುಪಿ, ಕುಂದಾಪುರದ ಕಡೆಯ ಕುಟುಂಬದ ಮನೆಗಳ ಪಾಲಿನ ತಕರಾರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆಯೊಡತಿ ಬದುಕಿರುವ ತನಕ ತಿಂಗಳು ತಿಂಗಳು ಹಣವಿತ್ತು, ಅವಳ ಕಾಲಾನಂತರ ಮನೆ ಪಡೆಯುವ ಪದ್ಧತಿಯೂ ಅಲ್ಲಿದೆ. ಹಳ್ಳಿಯದಲ್ಲವಾದರೂ ಆರ್ಲ್ ಪಟ್ಟಣದ ಕಥೆಯೊಂದನ್ನು ಬಿಡಲಾರೆವು. 1965ರಲ್ಲಿ ರಾಫ್ರೇ ಎಂಬ ನೋಟೇರನೇ 90 ವರ್ಷದ ಜಾನ್ ಕಾಲ್ಮಾಂ ಎಂಬ ಮುದುಕಿಯೊಡನೆ ತಿಂಗಳಿಗೆ 2,500 ಫ್ರಾಂಕಿನಂತೆ ಹೀಗೆ ಕರಾರು ಮಾಡಿಕೊಂಡ. ಮೂವತ್ತು ವರ್ಷ ಕೊಟ್ಟು 1995ರಲ್ಲಿ ತಾನೇ ತೀರಿಕೊಂಡ. ಮುಂದೆ ಅವನ ವಿಧವೆ ಕೊಟ್ಟಳು. ಮುದುಕಿ 1997ರಲ್ಲಿ, 122ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದಳು.

ಪರದೇಶಿಗಳಲ್ಲಿ ಆಂಗ್ಲರು ಈ ಮನೆಗಳ ಮೋಹಕ್ಕೆ ಹೆಸರಾದವರು. ಪೀಟರ್ ಮೇಲ್ ಎಂಬವರು ಪ್ರೊವಾಂಸ್ ಪ್ರಾಂತದ ತಮ್ಮ ಹಳ್ಳಿಮನೆಯ ಕುರಿತು 1989ರಲ್ಲಿ ಬರೆದ ಪುಸ್ತಕದಿಂದ ಅಲ್ಲಿಗೆ ಜನ ಎಷ್ಟು ಮುತ್ತಿದರೆಂದರೆ, ಕೊನೆಗೆ ಅವರೇ ಆ ಮನೆ ಬಿಟ್ಟು ಹೋಗಬೇಕಾಯಿತು. 2021ರಿಂದ ಆಂಗ್ಲರೂ ದೀರ್ಘ ವೀಸಾ ಇಲ್ಲದೆ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಅಲ್ಲಿರುವಂತಿಲ್ಲ. ಯಾವ ದೇಶದವನೂ ಮನೆ ಕೊಳ್ಳಬಹುದು. ಆದರೆ ಮನೆಯ ಪತ್ರ ವಾಸದ ಪರವಾನಗಿಯಲ್ಲ.

ಹೀಗೆ ಕೊಂಡವನು ಪಾಳು ಗೋಡೆಯನ್ನೆತ್ತಿ ನಿಲ್ಲಿಸುತ್ತಾನೆ, ಊರ ಬಡಗಿಗೆ ಗಾರೆಯವನಿಗೆ ಕೆಲಸ ಕೊಡುತ್ತಾನೆ. ಅದು ಉಪಕಾರವೇ ಸರಿ. ಆದರೆ ಕಡಲ ತೀರದಲ್ಲೂ ಹಿಮದ ಬೆಟ್ಟಗಳಲ್ಲೂ ಬೆಲೆ ಏರಿ, ಅಲ್ಲಿಯೇ ಹುಟ್ಟಿದ ಹೋಟೆಲು ಕೆಲಸದ ಹುಡುಗನಿಗೆ ತನ್ನೂರಿನಲ್ಲೇ ಖೋಲಿ ಸಿಕ್ಕದಂತಾಗಿದೆ. ಮಕ್ಕಳಿಲ್ಲದ ಊರಿನ ಶಾಲೆಯೂ ಮುಚ್ಚುತ್ತದೆ. ವರ್ಷಕ್ಕೆ ನಾಲ್ಕು ವಾರ ಬರುವವನ ದೀಪ ಈ ನಷ್ಟವನ್ನು ತುಂಬಲಾರದೆಂದೇ ನಮ್ಮ ಅಭಿಪ್ರಾಯ. ಸರಕಾರವೂ ಇದನ್ನು ಕಂಡುಕೊಂಡಂತಿದೆ. 2023ರಲ್ಲಿ ಖಾಯಂ ವಾಸದ ಮನೆಗಳ ನಿವಾಸ ತೆರಿಗೆಯನ್ನು ಪೂರ್ತಿ ತೆಗೆದರೂ ಎರಡನೆಯ ಮನೆಗಳಿಗೆ ಉಳಿಸಿದೆ. ಮನೆಯ ಅಭಾವವಿರುವ ಊರುಗಳು ಅದರ ಮೇಲೆ ನೂರಕ್ಕೆ 60ರವರೆಗೂ ಹೆಚ್ಚುವರಿ ಹೇರಬಹುದು. ಎರಡನೆಯ ಮನೆಗಳು ನೂರಕ್ಕೆ 20ನ್ನು ಮೀರಿದ ಊರುಗಳು ಹೊಸದಾಗಿ ಕಟ್ಟುವ ಮನೆಗಳನ್ನು ಖಾಯಂ ವಾಸಿಗಳಿಗೇ ಮೀಸಲಿಡಬಹುದೆಂದು 2024ರ ನವೆಂಬರಿನಲ್ಲಿ ಕಾನೂನಾಯಿತು. ಹಳೆಯ ಕಲ್ಲುಮನೆಗಳಿಗೆ ಈ ಮೀಸಲು ತಟ್ಟದು. ಅವುಗಳ ಮಾರಾಟ ನಡೆದೇ ಇದೆ.