ಮೊದಲು ನೀರು, ಆಮೇಲೆ ಮೀನು

ಕಾಟ್ಲಾ, ರೋಹು, ಮೃಗಾಲ್. ಕೆರೆಗೋ ಕೃಷಿ ಹೊಂಡಕ್ಕೋ ಮೀನುಮರಿ ಬಿಡುವವರು ಈ ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕಾಟ್ಲಾದ ಬಾಯಿ ಮೇಲ್ಮುಖ, ಅದರ ಊಟ ಮೇಲ್ಪದರದಲ್ಲಿ. ರೋಹು ನಡುನೀರಿನದು. ಮೃಗಾಲ್ ತಳದ ಕೆಸರಲ್ಲಿ ಕೊಳೆತದ್ದನ್ನು ಹೆಕ್ಕಿ ತಿನ್ನುತ್ತದೆ. ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದಿಲ್ಲ ಎನ್ನುವುದೇ ಮಿಶ್ರ ಮೀನು ಸಾಕಣೆಯ ಗುಟ್ಟು. ಮರಿ ಬಿಡುವ ಮೊದಲು ಬಲೆ ಎಳೆದು ಕೊರವ, ಬಾಳೆ ಮೀನುಗಳನ್ನು ಹೊರಗೆ ಹಾಕುವುದೂ ಈ ಪದ್ಧತಿಯದೇ ಭಾಗ. ಅವು ಉಳಿದರೆ ಮರಿ ಉಳಿಯುವುದಿಲ್ಲ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಊರಿನಲ್ಲಿ ಹೊಂಡ ತೋಡಿಸಿದ ರೈತನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಅದೇ ಮನೆಯವರು ಮಕ್ಕಳ ಆಸೆಗೆ ದಾವಣಗೆರೆಯ ಅಂಗಡಿಯಿಂದ ಗಾಜಿನ ತೊಟ್ಟಿ ತರುವಾಗ ಬಣ್ಣ ನೋಡಿ ಜಾತಿಗೊಂದರಂತೆ ಮೀನು ಆರಿಸುತ್ತಾರೆ. ಹೊಂಡದಲ್ಲಿ ಬಳಸುವ ಲೆಕ್ಕವನ್ನೇ ತೊಟ್ಟಿಗೂ ಬಳಸಬೇಕು, ಅದೂ ಮೀನಿನಿಂದಲ್ಲ, ನೀರಿನಿಂದ ಶುರುಮಾಡಬೇಕು ಎಂಬುದು ನನ್ನ ವಾದ.

ನಮ್ಮ ಭಾಗದ ಮನೆಗಳಿಗೆ ಬರುವುದು ಎರಡು ಬಗೆಯ ನೀರು. ಒಂದು ಹೊಳೆಯದು ಅಥವಾ ನಾಲೆಯದು, ಇನ್ನೊಂದು ಬೋರ್‌ವೆಲ್‌ದು. ಬೋರ್ ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಉದುರುತ್ತದಲ್ಲ, ಅದೇ ಗಡಸುತನದ ಗುರುತು. ಗಪ್ಪಿ, ಮೊಲ್ಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಇಂಥ ನೀರೇ ಒಗ್ಗುತ್ತದೆ. 1990ರ ದಶಕದಲ್ಲಿ ಮಲೇರಿಯಾ ಸೊಳ್ಳೆಯ ಮರಿಹುಳುಗಳನ್ನು ತಿನ್ನಲೆಂದು ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು. ಅವು ಅಲ್ಲೇ ಸಂಸಾರ ಹೂಡಿದವು. ನಿಯಾನ್ ಟೆಟ್ರಾದ ತವರು ಅಮೆಜಾನಿನ ಎಲೆಕೊಳೆತ, ತುಸು ಹುಳಿಯಾದ ಮೆದು ನೀರು. ಅದಕ್ಕೂ ಮೊಲ್ಲಿಗೂ ಜಗಳವೇನಿಲ್ಲ. ಆದರೂ ಒಂದಕ್ಕೆ ಹಿತವಾದ ನೀರು ಇನ್ನೊಂದಕ್ಕೆ ಹಿತವಲ್ಲ, ಹಾಗಾಗಿ ಜೋಡಿ ಕೂಡುವುದಿಲ್ಲ.

ನೀರಿನ ಜೊತೆ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಾವಣಗೆರೆಯ ಬೇಸಿಗೆ 40 ಡಿಗ್ರಿಯ ಹತ್ತಿರ ಹೋಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯದು ಹಿಡಿಯುವುದು ಏಳೂವರೆಯಷ್ಟೇ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಆ ಹೊಲಸಿನಿಂದ ಹುಟ್ಟುವ ಅಮೋನಿಯಾ ನೀರು ಬಿಸಿಯಾದಷ್ಟೂ, ಕ್ಷಾರವಾದಷ್ಟೂ ವಿಷವಾಗುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷದ ಪಾಲು ಸುಮಾರು 10 ಪಟ್ಟು ಹೆಚ್ಚುತ್ತದೆ. ಬೋರ್ ನೀರಿನ ಪುಟ್ಟ ತೊಟ್ಟಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಗೋಲ್ಡ್‌ಫಿಶ್ ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುವುದು ಹಸಿವಿಗಲ್ಲ. ಗೌರಾಮಿ, ಫೈಟರ್ ಮೀನುಗಳಿಗೆ ಮೇಲಿನ ಗಾಳಿಯನ್ನೇ ಉಸಿರಾಡುವ ಅಂಗವಿದೆ, ಹಾಗಾಗಿ ಅವು ನಮ್ಮ ಸೆಕೆಯನ್ನು ಹೆಚ್ಚು ಚೆನ್ನಾಗಿ ತಾಳುತ್ತವೆ.

ಇಷ್ಟಾದ ಮೇಲೆ ಸ್ವಭಾವದ ಮಾತು. ಇಲ್ಲಿ ಮೊದಲು ನೋಡಬೇಕಾದದ್ದು ಬಾಯಿ. ಏಂಜೆಲ್ ಮೀನು ಮರಿಯಿದ್ದಾಗ ನಿಯಾನ್ ಜೊತೆ ಅಂದವಾಗಿ ಈಜುತ್ತದೆ; ಬೆಳೆದ ಮೇಲೆ ಅದೇ ನಿಯಾನ್ ಅದರ ಬಾಯಲ್ಲಿ ಹಿಡಿಸುತ್ತದೆ, ಹಿಡಿಸಿದ್ದನ್ನು ಅದು ನುಂಗುತ್ತದೆ. ಎರಡನೆಯದು ಗುಂಪು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ನೋಡಿದರೆ ಮೀನು ಎಂದರೆ ಹಿಂಡು ಎನ್ನುವುದು ಕಣ್ಣಿಗೇ ಕಾಣುತ್ತದೆ. ಟೈಗರ್ ಬಾರ್ಬ್‌ಗಳು ಎಂಟು ಹತ್ತಿದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ಎರಡೇ ತಂದು ಗಪ್ಪಿಗಳ ನಡುವೆ ಬಿಟ್ಟರೆ ಹಿಂದಿನಿಂದ ಸರ್ರನೆ ಬಂದು ಬಾಲ ಕಚ್ಚುತ್ತವೆ. ಬೀಸಣಿಗೆಯಂಥ ಬಾಲದ ಅಂಚು ಮೊದಲು ಹರಿದ ಬಟ್ಟೆಯಂತಾಗುತ್ತದೆ, ಆಮೇಲೆ ಅಲ್ಲಿ ಬಿಳಿ ಬೂಷ್ಟು ಕೂರುತ್ತದೆ. ಗಪ್ಪಿ ರೋಗದಿಂದ ಸತ್ತಿತು ಎಂದುಕೊಳ್ಳುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಸತ್ತದ್ದು ಆಯ್ಕೆಯ ತಪ್ಪಿನಿಂದ.

ಅಂಗಡಿಯ ಒಂದೇ ತೊಟ್ಟಿಯಲ್ಲಿ ಎಲ್ಲವೂ ಚೆನ್ನಾಗಿಯೇ ಇದ್ದವಲ್ಲ ಎಂದು ಕೇಳುವವರಿದ್ದಾರೆ. ಅಂಗಡಿಯಲ್ಲಿ ಮೀನು ಇರುವುದು ಕೆಲವು ದಿನ, ಅದೂ ಮರಿಯಾಗಿ. ಮನೆಯಲ್ಲಿ ಇರಬೇಕಾದದ್ದು ವರ್ಷಗಟ್ಟಲೆ. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು: ಈಗಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಅಮೆಜಾನ್ ಕಂಡವಲ್ಲ, ಚೆನ್ನೈನ ಕೊಳತ್ತೂರಿನಂಥ ಕಡೆ ತಲೆಮಾರುಗಳಿಂದ ಸಾಕಿದವು, ಗಡಸು ನೀರಿಗೂ ಪಳಗಿವೆ. ಇದರಲ್ಲಿ ಸತ್ಯವಿದೆ. ಅಲ್ಲಿ ಬೆಳೆದ ಏಂಜೆಲ್ ನಮ್ಮ ಬೋರ್ ನೀರಿನಲ್ಲಿ ಬದುಕೀತು. ಆದರೆ ನೀರಿಗೆ ಪಳಗಿದ ಮಾತ್ರಕ್ಕೆ ಅದರ ಬಾಯಿ ಚಿಕ್ಕದಾಗುವುದಿಲ್ಲ, ಬಾರ್ಬ್‌ನ ಚಾಳಿ ಬಿಡುವುದಿಲ್ಲ. ಆರ್‌ಒ ನೀರು ಹಾಕಿದರಾಯಿತಲ್ಲ ಎನ್ನುವವರಿಗೆ ಹೇಳಬೇಕಾದದ್ದು, ಅದು ಮೀನಿಗೆ ಬೇಕಾದ ಲವಣವನ್ನೂ ತೆಗೆದುಹಾಕುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಅದಕ್ಕಿಂತ ಹೆಚ್ಚು ನೀರು ಚರಂಡಿ ಸೇರುತ್ತದೆ. ಬೇಸಿಗೆಯಲ್ಲಿ ಬೋರ್ ಬತ್ತುವ ಊರಿನಲ್ಲಿ ಇದನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ.

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 56 ಲೀಟರ್. ಬೋರ್ ನೀರಾದರೆ ಅದಕ್ಕೆ ಆರೆಂಟು ಗಪ್ಪಿ, ನಾಲ್ಕು ಪ್ಲಾಟಿ ಸಾಕು. ಅವು ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ಗಂಡು ಮೀನುಗಳನ್ನಷ್ಟೇ ತರುವುದು ಜಾಣತನ. ಹೊಳೆಯ ನೀರಾದರೆ ಎಂಟು ಜೀಬ್ರಾ ಮೀನು, ಜೊತೆಗೊಂದು ಜೋಡಿ ಪುಟ್ಟ ಗೌರಾಮಿ ಹೊಂದುತ್ತವೆ. ಜೀಬ್ರಾ ನಮ್ಮ ದೇಶದ್ದೇ ಮೀನು. ನಲ್ಲಿ ನೀರನ್ನು ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ತುಂಬಬೇಕು. ಹೊಸ ತೊಟ್ಟಿಯಲ್ಲಿ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ ಎಲ್ಲ ಮೀನನ್ನೂ ಒಂದೇ ದಿನ ಬಿಡಬಾರದು. ಗಾಜು ಶುಚಿಮಾಡುತ್ತದೆಂದು ಅಂಗಡಿಯವರು ಜೊತೆಗೆ ಕೊಡುವ ಬೆರಳುದ್ದದ ಸಕ್ಕರ್ ಮೀನನ್ನು ಮಾತ್ರ ಬೇಡ ಅನ್ನಿ. ಅದು ಒಂದೂವರೆ ಅಡಿಯವರೆಗೆ ಬೆಳೆಯುವ ಮೀನು. ಹಿಡಿಸದಾದಾಗ ಜನ ಅದನ್ನು ಒಯ್ದು ನೀರಿಗೆ ಬಿಟ್ಟದ್ದರಿಂದಲೇ ಇವತ್ತು ಗಂಗೆಯಲ್ಲೂ ಕೇರಳದ ಹೊಳೆಗಳಲ್ಲೂ ಅದು ಬಲೆಗೆ ಬೀಳುತ್ತಿದೆ. ಈಗಾಗಲೇ ಮನೆಯಲ್ಲಿದ್ದರೆ ಅಂಗಡಿಗೇ ವಾಪಸ್ ಕೊಡಿ, ನಾಲೆಗೆ ಬಿಡಬೇಡಿ. ಆ ನಾಲೆಯ ನೀರು ಯಾರದೋ ಕಾಟ್ಲಾ ಹೊಂಡಕ್ಕೆ ಹರಿಯುತ್ತದೆ.