ಹ್ಯಾಂಬರ್ಗಿನಲ್ಲಿ ದಕ್ಷಿಣದ ಊಟ

ಪರಸ್ಥಳದಲ್ಲಿ ಹಸಿದವನ ಕಣ್ಣಿಗೆ ಮೊದಲು ಬೀಳುವ ಹೋಟೆಲು ಒಳ್ಳೆಯ ಹೋಟೆಲಾಗಿರುವುದು ಅಪೂರ್ವ. ಅನೇಕ ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಬಂದ ನಾವು ಈ ಸತ್ಯವನ್ನು ಬಲ್ಲವರೇ ಆಗಿದ್ದರೂ, ಉತ್ತರ ಜರ್ಮನಿಯ ಹ್ಯಾಂಬರ್ಗ್ ನಗರಕ್ಕೆ ಹೋದ ಮೊದಲನೆಯ ಸಂಜೆ ಅದನ್ನು ಮರೆತೆವು. ಎಲ್ಬೆ ನದಿಯ ದಂಡೆ, ಎದುರಿಗೆ ಹಡಗುಗಳ ದೀಪಗಳು, ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವ ಮನುಷ್ಯ, ಐದಾರು ಭಾಷೆಗಳಲ್ಲಿ ಬಣ್ಣದ ಚಿತ್ರಗಳೊಡನೆ ಅಚ್ಚಾದ ತಿಂಡಿಪಟ್ಟಿ. ಇಟಲಿ, ಗ್ರೀಸ್, ಸ್ಪೇನ್ ಮೂರೂ ದೇಶಗಳ ಅಡುಗೆಗಳು ಆ ಒಂದೇ ಪಟ್ಟಿಯಲ್ಲಿದ್ದವು. ನಮ್ಮ ಮುಂದೆ ಬಂದದ್ದು ತಣ್ಣಗಿನ ರೊಟ್ಟಿ, ಹಿಟ್ಟು ಕದಡಿದಂತಹ ಸಾಸು, ಮತ್ತು ಮೂರು ಊಟಗಳ ಹಣವನ್ನು ಒಮ್ಮೆಗೇ ನುಂಗಿದ ಬಿಲ್ಲು.

ಸರಕು ಹಡಗಿನಲ್ಲಿ ನೌಕರಿ ಮಾಡುವ ನಮ್ಮ ಸೋದರಳಿಯನು ಮರುದಿನ ಈ ಕಥೆಯನ್ನು ಕೇಳಿ ನಕ್ಕನು. “ಮಾವ, ಹೊಳೆಗೆ ಮುಖಮಾಡಿ ಕೂತರೆ ಹೊಳೆ ನೋಡಿದ್ದಕ್ಕೇ ದುಡ್ಡು. ಊಟ ಬೇಕಾದರೆ ಒಂದು ಬೀದಿ ಹಿಂದೆ ಬನ್ನಿ” ಎಂದನು. ಆ ಒಂದು ಬೀದಿ ಹಿಂದೆ ಕಂಡದ್ದನ್ನೂ ಕಲಿತದ್ದನ್ನೂ ವಾಚಕರ ಮುಂದಿಡಬಯಸುತ್ತೇವೆ. ವಾಚಕರಲ್ಲಿ ಹಡಗು ಹತ್ತುವವರು ಕೆಲವರಿರಬಹುದು. ಹತ್ತದವರೂ ಅಡುಗೆಮನೆಯ ಒಳಗನ್ನು ಬಲ್ಲವರೇ.

ಚಳಿ ಮಳೆಗಳ ಈ ಬಂದರು ಪಟ್ಟಣಕ್ಕೆ ಭೂಮಧ್ಯ ಸಮುದ್ರದ ತೀರದ ಅಡುಗೆ ಬಂದದ್ದು ಹೇಗೆ? ಸಾಂಕ್ಟ್ ಪೌಲಿ ಪೇಟೆಯ ಡಾವಿಡ್ ಬೀದಿಯಲ್ಲಿ ಕುನಿಯೊ ಎಂಬ ಇಟಾಲಿಯನ್ ಭೋಜನಾಲಯವು 1905ರಲ್ಲಿಯೇ ಸ್ಥಾಪನೆಯಾಯಿತು. ಆದರೆ ಈ ಅಡುಗೆ ಊರಿಗೆಲ್ಲ ಹಬ್ಬಿದ್ದು ಎರಡನೆಯ ಮಹಾಯುದ್ಧದ ಬಳಿಕ. ಕಾರ್ಖಾನೆಗಳಿಗೂ ಬಂದರುಗಳಿಗೂ ಆಳು ಸಾಲದಾದಾಗ ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಡನೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್‌ಗಳೊಡನೆ, 1961ರಲ್ಲಿ ತುರ್ಕಿಯೊಡನೆ, 1964ರಲ್ಲಿ ಪೋರ್ಚುಗಲಿನೊಡನೆ, 1968ರಲ್ಲಿ ಯುಗೊಸ್ಲಾವಿಯದೊಡನೆ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಹತ್ತು ಲಕ್ಷದನೆಯವನೆಂದು 1964ರ ಸೆಪ್ಟೆಂಬರಿನಲ್ಲಿ ಕಲೋನ್ ನಗರದ ರೈಲು ನಿಲ್ದಾಣದಲ್ಲಿ ಸ್ವಾಗತ ಪಡೆದವನು ಪೋರ್ಚುಗಲಿನ ಒಬ್ಬ ಬಡಗಿ; ಅವನಿಗೆ ಒಂದು ಮೊಪೆಡ್ ಗಾಡಿಯನ್ನು ಕಾಣಿಕೆಯಾಗಿ ಕೊಟ್ಟರು. 1973ರ ನವೆಂಬರಿನಲ್ಲಿ ಈ ನೇಮಕಾತಿ ನಿಂತಿತು. ಇವರಿಗೆ ಇಟ್ಟ ಹೆಸರು “ಅತಿಥಿ ಕೆಲಸಗಾರರು”. ಅತಿಥಿಯನ್ನು ಕೆಲಸಕ್ಕೆ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲವಾದರೂ, ಊರು ಬಿಟ್ಟು ದುಡಿಯುವವನ ಹಸಿವು ಎಂತಹುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ತಮ್ಮ ನಾಲಗೆಗಾಗಿ ಒಲೆ ಹೊತ್ತಿಸಿದವರು ಕ್ರಮೇಣ ಊರಿನ ನಾಲಗೆಗೂ ಬಡಿಸತೊಡಗಿದರು.

ಅಳಿಯನು ಕರೆದುಕೊಂಡು ಹೋದದ್ದು ಹಡಗುಕಟ್ಟೆಯ ಹಿಂದಿನ ಡಿಟ್ಮಾರ್ ಕೋಯೆಲ್ ಬೀದಿಗೆ. ಆ ಕೇರಿಗೆ ಪೋರ್ಚುಗೀಸರ ಕೇರಿ ಎಂದೇ ಹೆಸರು. ಉತ್ತರದ ನಾರ್ವೆ, ಸ್ವೀಡನ್ ಮುಂತಾದ ದೇಶಗಳ ನಾವಿಕರ ಚರ್ಚುಗಳೂ ದಕ್ಷಿಣದವರ ಭೋಜನಾಲಯಗಳೂ ಅಲ್ಲಿ ಒಂದೇ ಬೀದಿಯಲ್ಲಿವೆ. ಪೋರ್ಚುಗಲ್ ಅಟ್ಲಾಂಟಿಕ್ ತೀರದ ದೇಶವಲ್ಲವೇ ಎಂದು ಭೂಗೋಳ ಬಲ್ಲವರು ಆಕ್ಷೇಪಿಸಬಹುದು. ಆದರೆ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಮೀನು, ಕಾಳು, ರೊಟ್ಟಿಗಳ ಆ ಊಟ ಒಂದೇ ಕುಲದ್ದು. ಯುನೆಸ್ಕೋ ಸಂಸ್ಥೆಯು 2010ರಲ್ಲಿ ಭೂಮಧ್ಯ ಸಮುದ್ರದ ಆಹಾರಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿ, 2013ರಲ್ಲಿ ಆ ಪಟ್ಟಿಯೊಳಗೆ ಪೋರ್ಚುಗಲನ್ನೂ ಕೂಡಿಸಿಕೊಂಡಿತು. ಇಲ್ಲಿಯ ಮುಖ್ಯ ಪದಾರ್ಥವಾದ ಬಕಲ್ಯಾವು, ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು, ನಾರ್ವೆಯ ತಣ್ಣನೆಯ ಕಡಲಿನಿಂದ ಪೋರ್ಚುಗಲಿಗೆ ಹೋಗುವಂತಹುದು. ಉತ್ತರದ ಮೀನು ದಕ್ಷಿಣದಲ್ಲಿ ಅಡುಗೆಯಾಗಿ, ಮತ್ತೆ ಉತ್ತರದ ತಟ್ಟೆಗೆ ಬಂದು ಕುಳಿತಿದೆ!

ಇನ್ನು ಒಳ್ಳೆಯದನ್ನು ಗುರುತಿಸುವ ಬಗೆ. ಮೊದಲನೆಯದಾಗಿ, ಪಟ್ಟಿ ಚಿಕ್ಕದಿರಬೇಕು ಮತ್ತು ಒಂದೇ ನಾಡಿನದಿರಬೇಕು. ನೂರು ಪದಾರ್ಥಗಳ ಪಟ್ಟಿ ಇರುವಲ್ಲಿ ಎಷ್ಟು ಪದಾರ್ಥ ಇಂದಿನದು, ಎಷ್ಟು ಮಂಜುಗಡ್ಡೆಯ ಪೆಟ್ಟಿಗೆಯದು ಎಂಬುದನ್ನು ಹೋಟೆಲಿನವರಾದ ನಮಗೆ ಯಾರೂ ಹೇಳಬೇಕಾಗಿಲ್ಲ. ಎರಡನೆಯದಾಗಿ, ಮಧ್ಯಾಹ್ನವೇ ಹೋಗಬೇಕು. ಕಚೇರಿಯ ಗುಮಾಸ್ತರಿಗಾಗಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಆ ದಿನದ ಊಟವು ಜರ್ಮನಿಯಲ್ಲಿ ರೂಢಿಯ ಕ್ರಮ. ಅದು ರಾತ್ರಿಯ ಊಟಕ್ಕಿಂತ ಅಗ್ಗ, ಹೆಚ್ಚಾಗಿ ತಾಜಾ. ಮೂರನೆಯದಾಗಿ, ಮೊದಲು ಬರುವ ರೊಟ್ಟಿಯನ್ನೂ ಎಣ್ಣೆಯನ್ನೂ ಪರೀಕ್ಷಿಸಬೇಕು. ನಮ್ಮಲ್ಲಿ ಚಟ್ನಿ ಹಳಸಿದ್ದರೆ ದೋಸೆಯ ಗತಿ ಏನೆಂದು ತಿಳಿಯುವಂತೆ ಅಲ್ಲಿ ರೊಟ್ಟಿಯೇ ಅಡುಗೆಮನೆಯ ಸಾಕ್ಷಿ.

ನಾಲ್ಕನೆಯದಾಗಿ, ಆಯಾ ನಾಡಿನ ಬಡವರ ಪದಾರ್ಥವನ್ನು ಹೆಸರಿಟ್ಟು ಕೇಳಬೇಕು. ಜರ್ಮನಿಯ ಗ್ರೀಕ್ ಹೋಟೆಲುಗಳಲ್ಲಿ ಮಾಂಸವನ್ನು ರಾಶಿ ಹಾಕಿದ ದೊಡ್ಡ ತಟ್ಟೆಗಳದೇ ಪ್ರಾಬಲ್ಯ. ಗ್ರೀಕರ ಮನೆಯಲ್ಲಿಯಾದರೋ ಬೇಯಿಸಿದ ಸೊಪ್ಪಿಗೆ ಎಣ್ಣೆ ನಿಂಬೆ ಹಿಂಡಿದ ಹೋರ್ತಾ, ದಪ್ಪ ಅವರೆಯಂತಹ ಬಿಳಿ ಕಾಳು, ಬೇಳೆ ಇವೇ ನಿತ್ಯದ ಆಹಾರ. ಅವು ದೊರೆಯುವಲ್ಲಿ ಕುಳಿತುಕೊಳ್ಳಬಹುದು. ಇಟಾಲಿಯನ್ನರ ಕಾರ್ಬೊನಾರಾ ಎಂಬ ಪದಾರ್ಥಕ್ಕೆ ರೋಮಿನಲ್ಲಿ ಕೆನೆ ಹಾಕುವ ಪದ್ಧತಿಯಿಲ್ಲ; ಕೆನೆಯಲ್ಲಿ ಮುಳುಗಿ ಬಂದರೆ ಅದು ಜರ್ಮನರಿಗಾಗಿ ಮಾಡಿದ್ದು. ಮುಖ್ಯ ರೈಲು ನಿಲ್ದಾಣದ ಸಮೀಪದ ಸ್ಟೈನ್‌ಡಾಮ್ ಬೀದಿಯಲ್ಲಿ ತುರ್ಕರ ಹೋಟೆಲುಗಳುಂಟು. ಅಲ್ಲಿ ಕೆಂಪು ಬೇಳೆಯ ಸಾರಿಗೆ ನಿಂಬೆ ಹಿಂಡಿ ರೊಟ್ಟಿಯೊಡನೆ ಉಂಡ ನಮಗೆ ಕ್ಷಣಕಾಲ ಮನೆಯ ನೆನಪಾಯಿತು. ಸಸ್ಯಾಹಾರಿಗಳು ಮಾತ್ರ ಎಲ್ಲೆಡೆಯೂ ವಿಚಾರಿಸಿಯೇ ಉಣ್ಣಬೇಕು. ಪೋರ್ಚುಗೀಸರ ಹಸಿರು ಸೊಪ್ಪಿನ ಸಾರಿನಲ್ಲಿ ಸಹ ಸಾಮಾನ್ಯವಾಗಿ ಮಾಂಸದ ಒಂದು ಚೂರು ತೇಲುತ್ತಿರುತ್ತದೆ. ಕುಡಿಯುವ ನೀರಿಗೂ ಹಣ ತೆರಬೇಕಾಗಬಹುದೆಂಬುದನ್ನು ಮೊದಲೇ ತಿಳಿದಿದ್ದರೆ ಜಗಳವಿಲ್ಲ.

ಐದನೆಯ ಗುರುತನ್ನು ನಾವು ಕೊನೆಯ ದಿನ ಕಲಿತೆವು. ಮಧ್ಯಾಹ್ನದ ಗಿರಾಕಿಗಳು ಎದ್ದುಹೋದ ಮೇಲೆ, ಪೋರ್ಚುಗೀಸರ ಕೇರಿಯ ಒಂದು ಹೋಟೆಲಿನಲ್ಲಿ ಕೆಲಸದವರು ಮೂಲೆಯ ಮೇಜಿಗೆ ಕುಳಿತು ಉಣ್ಣತೊಡಗಿದರು. ಅವರ ಪಾತ್ರೆಯಲ್ಲಿದ್ದದ್ದು ಕಡಲೆಯೊಡನೆ ಬೇಯಿಸಿದ ಒಣಮೀನು. ನಮಗೂ ಅದೇ ಬೇಕೆಂದು ಅಳಿಯನು ಕೇಳಿದನು. ವಯಸ್ಸಾದ ಬಡಿಸುವವನು ಸಂಕೋಚಪಟ್ಟು, “ಅದು ಪಟ್ಟಿಯಲ್ಲಿಲ್ಲ, ನಮ್ಮವರ ಊಟ” ಎಂದನು. ಆದರೂ ತಂದಿಟ್ಟನು. ನಾವು ಉಣ್ಣುವುದನ್ನು ಒಳಗಿನಿಂದ ಅಡುಗೆಯವಳು ಬಂದು ನೋಡಿ, ಇನ್ನಷ್ಟು ಬಡಿಸಿ ಹೋದಳು. ಆ ನಗರದಲ್ಲಿ ನಾವು ಉಂಡ ಅತ್ಯುತ್ತಮ ಊಟ ಅದೇ ಎಂಬುದರಲ್ಲಿ ಸಂದೇಹವಿಲ್ಲ.

ಉಣ್ಣುತ್ತಿರುವಾಗ ನಮಗೊಂದು ಹಳೆಯ ಮಾತು ನೆನಪಾಗಿ ತುತ್ತು ಕೈಯಲ್ಲೇ ನಿಂತಿತು. ನಮ್ಮ ಮುಂಬಯಿಯ ಹೋಟೆಲಿನಲ್ಲಿ ಗಿರಾಕಿಗಳಿಗೆ ರುಚಿಸಲೆಂದು ಸಾಂಬಾರಿಗೆ ಬೆಲ್ಲವನ್ನು ಹೆಚ್ಚಿಸಿದ್ದೆವು. ಕೆಲಸದವರಿಗೆ ಒಳಗೆ ಬೇರೆ ಸಾರು ಕುದಿಯುತ್ತಿತ್ತು. “ಧಣಿಗಳೇ, ನಾವು ಉಣ್ಣದ್ದನ್ನು ಜನರಿಗೆ ಯಾಕೆ ಬಡಿಸುವುದು?” ಎಂದು ಅಡುಗೆಯ ಭಟ್ಟರು ಒಂದು ದಿನ ಕೇಳಿದರು. “ಭಟ್ರೇ, ವ್ಯಾಪಾರ ನಿಮಗೆ ತಿಳಿಯದು” ಎಂದು ಗದರಿದೆವು. ಅವರು ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ವರ್ಷ ಕೆಲಸ ಬಿಟ್ಟು ಊರಿಗೆ ಹೋದರು. ನಮಗೆ ವ್ಯಾಪಾರ ತಿಳಿದಿತ್ತು, ನಿಜ. ಆದರೆ ಒಳಗಿನ ಸಾರಿನ ರುಚಿಯನ್ನು ಒಬ್ಬ ಗಿರಾಕಿಗಾದರೂ ತೋರಿಸಿ ನೋಡುವ ಧೈರ್ಯ ನಮಗಿರಲಿಲ್ಲ.

ಎಲ್ಲ ಊರುಗಳಲ್ಲಿಯೂ ಎರಡು ಪಾತ್ರೆಗಳಿರುತ್ತವೆ. ಹೊರಗಿನ ಪಾತ್ರೆಯಿಂದ ಬಾಡಿಗೆ ಸಲ್ಲುತ್ತದೆ, ಅದನ್ನು ಹಳಿಯಲಾಗದು. ಒಳಗಿನ ಪಾತ್ರೆಯನ್ನು ಕೇಳುವವರಿಲ್ಲವಾದರೆ ಆ ಅಡುಗೆ ಒಂದು ತಲೆಮಾರಿನಲ್ಲಿ ಮರೆತುಹೋಗುತ್ತದೆ; ಅಡುಗೆಯವನಿಗೆ ತನ್ನ ಕೈಯ ಮೇಲಿನ ಅಭಿಮಾನವೂ ಹೋಗುತ್ತದೆ. ಆದುದರಿಂದ ಹ್ಯಾಂಬರ್ಗಿಗೆ ಹೋಗುವ ವಾಚಕರು ಹೊಳೆಯ ದಂಡೆಯನ್ನು ಬಿಟ್ಟು ಒಂದು ಬೀದಿ ಹಿಂದೆ ನಡೆಯಲಿ, ಗಿರಾಕಿಗಳ ಗದ್ದಲ ಇಳಿದ ಮೇಲೆ ಒಳಗೆ ಹೋಗಿ, “ಇಂದು ನೀವು ಏನು ಉಣ್ಣುತ್ತೀರಿ?” ಎಂದು ವಿನಯದಿಂದ ಕೇಳಲಿ. ಇಲ್ಲಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮ ಸೋದರರಿಗೆ ಯಾವನಾದರೂ ಗಿರಾಕಿ ಇದೇ ಪ್ರಶ್ನೆಯನ್ನು ಕೇಳಿದರೆ, ಸಂಕೋಚಪಡದೆ ಒಂದು ಬಟ್ಟಲು ಬಡಿಸಲಿ. ಧಣಿಗಳು ಗದರಿದರೆ ನಮ್ಮ ಈ ಲೇಖನವನ್ನು ತೋರಿಸಬಹುದು.